ಇಂದಿನ ಧಮ್ಮ ಚಿಂತನೆ: ‘ಬಾ’



ನಿನ್ನೆ ಮೊಮ್ಮಗಳು ಮೊಬೈಲಿನಲ್ಲಿ ಸ್ಕ್ರ್ಯಾಬಲ್ ಆಡುತ್ತಾ ಇಂಗ್ಲಿಷಿನ ಬಿ ಮತ್ತು ಎ ಜೋಡಿಸಿ ‘ಬಾ’ ಅಂತ ಇಟ್ಟಳು. ಬಿಗೆ 3, ಎಗೆ 1, ಒಟ್ಟು 4 ಅಂಕ. “ಇದು ನಮ್ಮ ಕನ್ನಡದ್ದಲ್ವೇನೇ?” ಅಂದೆ. “ಇಲ್ಲ ತಾತ, ಹಳೇ ಈಜಿಪ್ಟಿನವರ ಪದ. ಆತ್ಮ ಅಂತ ಅರ್ಥ” ಅಂದಳು. ಹಕ್ಕಿಯ ಮೈ, ಮನುಷ್ಯನ ತಲೆ ಇರುವ ಆತ್ಮವಂತೆ, ಸತ್ತ ಮೇಲೂ ಉಳಿಯುತ್ತದಂತೆ. ಅನಾತ್ಮ ಒಪ್ಪಿದ ನಮಗೆ ಆ ‘ಬಾ’ ಬೇಡ ಬಿಡಿ. ಕನ್ನಡದ ‘ಬಾ’ ಸಾಕು.

ಈ ಆಟ ಕಟ್ಟಿದವರು ಅಮೆರಿಕದ ಆಲ್ಫ್ರೆಡ್ ಬಟ್ಸ್. ಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅಪರೂಪದ್ದಕ್ಕೆ ಹೆಚ್ಚು ಅಂಕ, ಪದೇಪದೇ ಬರುವುದಕ್ಕೆ ಕಡಿಮೆ ಅಂಕ ಕೊಟ್ಟರು. ಆಮೇಲೆ ಯಾರು ಇಟ್ಟರೂ ಅಷ್ಟೇ ಅಂಕ. ನಮ್ಮ ‘ಬಾ’ ಒಂದೇ ಅಕ್ಷರದ್ದು, ಪದಬಂಧದಲ್ಲಿ ಅದಕ್ಕೆ ಸಾಮಾನ್ಯವಾಗಿ ಮನೆಯೇ ಇರುವುದಿಲ್ಲ. ಬದುಕಿನಲ್ಲಿ ಅದಕ್ಕೆ ಎಷ್ಟು ಬೆಲೆ ಅನ್ನುವುದು ಮಾತ್ರ ಯಾರು, ಯಾರಿಗೆ, ಯಾತಕ್ಕೆ ಹೇಳಿದರು ಅನ್ನುವುದರ ಮೇಲಿದೆ.

ತಮಿಳಿನ ‘ವಾ’, ತೆಲುಗಿನ ‘ರಾ’ ನಮ್ಮ ‘ಬಾ’ದ ನೆಂಟರು. ಪಾಲಿಯಲ್ಲಿ ಅದೇ ಅರ್ಥದ ಪದ ‘ಎಹಿ’. ‘ಇ’ ಅಂದರೆ ಹೋಗು, ಅದರ ಹಿಂದೆ ‘ಆ’ ಸೇರಿದರೆ ಇತ್ತ ಬಾ. ಧಮ್ಮ ವಂದನೆಯಲ್ಲಿ ದಿನವೂ ‘ಎಹಿಪಸ್ಸಿಕೋ’ ಅನ್ನುತ್ತೇವಲ್ಲ, ಅದರೊಳಗೆ ಈ ಪದ ಕೂತಿದೆ: ಬಾ, ನೋಡು. ನಂಬು ಅಂತಿಲ್ಲ, ಗಮನಿಸಿ.

ನನ್ನನ್ನು ಕಾಡಿದ್ದು ಬೇರೆ. ‘ಎಹಿ’ ಏಕವಚನ. ನಮ್ಮವರಿಗೆ ಏಕವಚನದ ನೋವು ಗೊತ್ತು. ಗೌಡರ ಮನೆಯ ಏಳು ವರ್ಷದ ಹುಡುಗ ನಮ್ಮ ತಾತನನ್ನು “ಬಾರ್ಲಾ ಇಲ್ಲಿ” ಅಂತ ಕರೆಯುತ್ತಿದ್ದ. ತಾತ ಹೆಗಲ ಮೇಲಿನ ಟವೆಲ್ ತೆಗೆದು “ಬಂದೆ ಬುದ್ಧಿ” ಅನ್ನುತ್ತಿದ್ದರು. (ಬುದ್ಧ, ಬುದ್ಧಿ ಎರಡಕ್ಕೂ ಮೂಲ ಒಂದೇ. ಆ ಪದವನ್ನು ಯಾರ ಕಾಲಬಳಿ ಇಟ್ಟಿದ್ದೆವು ನೋಡಿ.)

ಹಾಗಾದರೆ ಭಗವಾನರು ಸುನೀತನಿಗೆ ಹೇಳಿದ ‘ಬಾ’ ಹೇಗೆ ಬೇರೆ? ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಈ ಪ್ರಸಂಗ ಬರೆದಿದ್ದಾರೆ. ರಾಜಗೃಹದ ಬೀದಿ ಗುಡಿಸುವವನು ಸುನೀತ. ಭಿಕ್ಖುಗಳೊಡನೆ ಬುದ್ಧರು ಎದುರಿಗೆ ಬಂದಾಗ ಅಡಗಲು ಜಾಗ ಸಿಗದೆ, ಹೊರೆ ಇಳಿಸಿ, ಗೋಡೆಗೆ ಅಂಟಿಕೊಂಡು ಕೈಮುಗಿದು ನಿಂತ. ಬುದ್ಧರು ಮೊದಲು ಅವನನ್ನು ಕೇಳಿದರು, ಸಂಘಕ್ಕೆ ಬರಲು ನಿನ್ನಿಂದಾಗುತ್ತದೆಯೇ ಎಂದು. ಅವನು ಒಪ್ಪಿದ ಮೇಲೆಯೇ ‘ಎಹಿ ಭಿಕ್ಖು’. ಅಷ್ಟೇ ಅವನ ದೀಕ್ಷೆ.

‘ಬಾ’ ಅನ್ನುವುದನ್ನು ಸುನೀತ ದಿನಕ್ಕೆ ಹತ್ತು ಸಲ ಕೇಳಿದ್ದಿರಬೇಕು. ಬಾ, ಇಲ್ಲಿ ಗಲೀಜಾಗಿದೆ. ಬಂದು ಕೆಲಸ ಮುಗಿಸಿದರೆ ಮುಂದಿನ ಮಾತು ‘ಹೋಗು’. ಬುದ್ಧರ ‘ಬಾ’ದ ಹಿಂದೆ ‘ಹೋಗು’ ಇರಲಿಲ್ಲ, ಕೂರಲು ಜಾಗವಿತ್ತು. ಸಂಘದಲ್ಲಿ ಹಿರಿತನ ಜಾತಿಯದ್ದಲ್ಲ, ದೀಕ್ಷೆಯದ್ದು. ಆತನ ನಂತರ ಬಂದವನು ಕ್ಷತ್ರಿಯನಾದರೂ ಆತನಿಗೇ ನಮಸ್ಕರಿಸಬೇಕು. ಬಹುವಚನವಿದ್ದರೆ ಗೌರವ ಬಂತು ಅಂತ ನಾನು ಬಹಳ ದಿನ ತಿಳಿದಿದ್ದೆ. ಚುನಾವಣೆಯಲ್ಲಿ ಕೇರಿಗೆ ಬಂದವರು “ಬನ್ನಿ ಅಣ್ಣಾ, ಬನ್ನಿ” ಅನ್ನುತ್ತಾರೆ. ಅವರ ನಡುಮನೆಗೆ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ?

ಆದರೆ ಅವರದ್ದು ಬಿಡಿ. ಕಳೆದ ಬುದ್ಧ ಪೂರ್ಣಿಮೆಯ ಬೆಳಗ್ಗೆ ನಮ್ಮ ಸಭಾಂಗಣದ ಮುಂದೆ ಕಸ ಬಿದ್ದಿತ್ತು. ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸನ್ನು “ಬಾಮ್ಮ, ಸ್ವಲ್ಪ ಇಲ್ಲೂ ಗುಡಿಸು” ಅಂತ ಕರೆದವನು ನಾನೇ. ಗುಡಿಸಿದರು. ತಿಸರಣ ಶುರುವಾದಾಗ ಪೊರಕೆ ಹಿಡಿದು ಬಾಗಿಲ ಪಕ್ಕ, ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಒಳಗೆ ಕುರ್ಚಿಗಳು ಖಾಲಿ ಇದ್ದವು. ನಾನು ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಎದ್ದು ನೋಡುವಷ್ಟರಲ್ಲಿ ಅವರು ಹೋಗಿದ್ದರು. ಅವರದ್ದು ನಮ್ಮ ಕೇರಿಯಲ್ಲ, ಇನ್ನೊಂದು ಕೇರಿ. ನನ್ನ ಕಣ್ಣು ಮುಚ್ಚಿದ್ದು ಧ್ಯಾನಕ್ಕೋ, ಆ ಕಾರಣಕ್ಕೋ ಅಂತ ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ.

ಅವರ ಹೆಸರೂ ನನಗೆ ಗೊತ್ತಿಲ್ಲ. ನಾಳೆ ಬೆಳಗ್ಗೆ ಆರಕ್ಕೆ ನಮ್ಮ ಬೀದಿಗೆ ಬರುತ್ತಾರೆ. ಮೊದಲು ಹೆಸರು ಕೇಳಬೇಕು. ಭಾನುವಾರದ ವಂದನೆಗೆ ಬರಲು ಆಗುತ್ತದೆಯೇ ಅಂತ ಆಮೇಲೆ ಕೇಳುತ್ತೇನೆ.

ಸಬ್ಬ ಮಂಗಲಂ 🙏