ದಾರಿಯಲ್ಲಿ ನಿಂತ ಸೈಕಲ್ಲು

1888ರಲ್ಲಿ ಡನ್ಲಪ್ ಎಂಬ ಪಶುವೈದ್ಯನು ಗಾಳಿ ತುಂಬುವ ಟಯರಿಗೆ ಪೇಟೆಂಟು ಪಡೆದಂದಿನಿಂದ ಸವಾರಿಯು ಸುಖವಾಯಿತು. ಆದರೆ ಬಂಡಿಯ ಕಬ್ಬಿಣದ ಹಳಿಯು ಲೆಕ್ಕಿಸದಿದ್ದ ಜಾಲಿಯ ಮುಳ್ಳಿಗೆ ಸೈಕಲ್ಲು ಅಂಜಬೇಕಾಯಿತು.

ಕೋಡ್ಲಾದಿಂದ ಸೇಡಮಿನ ಸಿಮೆಂಟು ಕಾರ್ಖಾನೆಗೆ ಕೂಲಿಗೆ ಹೋಗುವವನು, ಪಂಕ್ಚರಾದ ಸೈಕಲ್ಲನ್ನು ನೂಕುತ್ತಿರುವ ಒಬ್ಬನನ್ನು ಕಂಡರೆ ನಿಲ್ಲತಕ್ಕದ್ದೋ? ಚೀಲದಲ್ಲಿ ಪಂಪೂ ತೇಪೆಯೂ ಉಂಟು. ಆದರೆ ತಡವಾದರೆ ಕೂಲಿ ಮುರಿಯುವರು; ಹೊತ್ತು ಧಣಿಯದು, ಕೂಲಿಯು ಮಕ್ಕಳ ರೊಟ್ಟಿ. ಇದು ಬರೀ ನೆವವಲ್ಲ.

ಆದರೂ ವಿಚಾರಿಸೋಣ. ಸಮಾರ್ಯದವನು ಪರರ ಎಣ್ಣೆಯನ್ನು ಸುರಿಯಲಿಲ್ಲ, ತನ್ನದನ್ನೇ ಸುರಿದನು. ಧಣಿಯ ಹೊತ್ತನ್ನು ಕದ್ದು, ಮೇಸ್ತ್ರಿಗೆ ಸುಳ್ಳು ಹೇಳಿ ಮಾಡಿದ ಉಪಕಾರವು ದಯೆಯಲ್ಲ. ಹಾಗಾದರೆ ನಮ್ಮದು ಯಾವದು? ಕಾಲು ಗಂಟೆ ಮುಂಚಿತವಾಗಿ ಹೊರಟವನಿಗೆ ಆ ಕಾಲು ಗಂಟೆಯು ಸ್ವಂತದ್ದು. ಮುಳ್ಳು ಕಿತ್ತು, ಟ್ಯೂಬಿಗೆ ನೀರು ಸವರಿ, ಗುಳ್ಳೆ ಏಳುವ ಕಡೆಯನ್ನು ಒರಸಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಆರಿದ ಮೇಲೆ ತೇಪೆ ಒತ್ತುವದಕ್ಕೆ ಹೆಚ್ಚು ಕಡಿಮೆ ಅಷ್ಟು ಸಾಕು. ಆದಾಗ್ಯೂ ತಡವಾದರೆ ನಿಜವನ್ನೇ ಹೇಳಿ, ನಷ್ಟವನ್ನು ತಾನೇ ಹೊರಲಿ. ಅದಕ್ಕೂ ಶಕ್ತಿಯಿಲ್ಲದ ಬಡವನು ಪಂಪನ್ನಾದರೂ ಕೊಟ್ಟುಹೋಗಲಿ. ನಿಂತವನ ಜಾತಿಯನ್ನಾಗಲಿ ಸಭೆಯನ್ನಾಗಲಿ ಯಾರೂ ಕೇಳದಿರಲಿ.

ಆದಕಾರಣ ಪ್ರಿಯರೇ, ಬೇಗ ಹೊರಡೋಣ. ನೆರೆಯವನಿಗೆ ಕೊಡತಕ್ಕ ಎಣ್ಣೆಯು ನಮ್ಮ ಬುದ್ದಲಿಯಲ್ಲಿರಲಿ.