ರಾತ್ರಿಯೂ ಒಂದು ಅಮಾನತು

ಅಲ್ಲಾಹನು ನಿದ್ದೆಯನ್ನು ವಿಶ್ರಾಂತಿಯಾಗಿಯೂ ರಾತ್ರಿಯನ್ನು ಹೊದಿಕೆಯಾಗಿಯೂ ಮಾಡಿರುವುದನ್ನು ಪವಿತ್ರ ಕುರ್‌ಆನ್‌ನ ಸೂರಃ ಅನ್ನಬಅ್ ನೆನಪಿಸುತ್ತದೆ. ಪರಮ ದಯಾಮಯನ ದಾಸರು ತಮ್ಮ ಪ್ರಭುವಿನ ಮುಂದೆ ಸುಜೂದ್ ಮಾಡುತ್ತಾ, ನಿಂತು ಪ್ರಾರ್ಥಿಸುತ್ತಾ ರಾತ್ರಿ ಕಳೆಯುವವರೆಂದು ಸೂರಃ ಅಲ್ ಫುರ್ಕಾನ್ ತಿಳಿಸುತ್ತದೆ. ಹೀಗೆ ರಾತ್ರಿಯು ದೇಹಕ್ಕೆ ವಿಶ್ರಾಂತಿ, ಆತ್ಮಕ್ಕೆ ಆಹಾರ. ಈ ಅಮಾನತನ್ನು ನಾವು ಯಾರ ಕೈಗೆ ಒಪ್ಪಿಸುತ್ತಿದ್ದೇವೆ?

ಶನಿವಾರ ಸಂಜೆಯಾದರೆ ಬೆಳಗಾವಿಯ ಕೆಲವು ಯುವಕರು ಖಾನಾಪುರ ತಾಲೂಕಿನ ಜಾಂಬೋಟಿಯ ಕಾಡುದಾರಿ ಹಿಡಿದು, ಚೋರ್ಲಾ ಘಾಟಿಯಿಳಿದು ಗೋವಾ ಸೇರುತ್ತಾರೆ. ಅಲ್ಲಿನ ಕ್ಲಬ್ಬುಗಳಲ್ಲಿ ಹೊರ ಊರಿನಿಂದ ಬಂದ ಅತಿಥಿ ಡಿಜೆಯ ಹೆಸರಿನಲ್ಲಿ ಟಿಕೆಟು ಮಾರಾಟವಾಗುತ್ತದೆ. 2007ರಲ್ಲಿ ಕಾಂಡೋಲಿಮ್ ಕಡಲತೀರದಲ್ಲಿ ಸನ್‌ಬರ್ನ್ ಉತ್ಸವ ಆರಂಭವಾದ ಬಳಿಕ ಎಲೆಕ್ಟ್ರಾನಿಕ್ ಸಂಗೀತದ ಈ ಕುಣಿತ ಇನ್ನಷ್ಟು ಹೆಸರು ಮಾಡಿತು. ನಿಮಿಷಕ್ಕೆ ಸುಮಾರು 120ರಿಂದ 130 ಬಡಿತ, ಎದೆಯನ್ನೇ ನಡುಗಿಸುವ ಸದ್ದು, ಕತ್ತಲಲ್ಲಿ ಮಿನುಗುವ ದೀಪ, ಕೈಗೆಟುಕುವಲ್ಲೇ ಮದ್ಯ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಬೆಸೆಯುವುದು ಡಿಜೆಯ ಕಸುಬು. ಅಂದರೆ ನಡುವೆ ಮೌನವೇ ಇಲ್ಲ. ಮೌನವಿಲ್ಲದ ಕಡೆ ಮನುಷ್ಯನು ತನ್ನ ಅಂತರಾತ್ಮದ ಮಾತನ್ನು ಕೇಳುವುದಾದರೂ ಹೇಗೆ?

2025ರ ಡಿಸೆಂಬರ್ 6ರ ರಾತ್ರಿ ಗೋವಾದ ಅರ್ಪೋರಾದಲ್ಲಿ ಇಂತಹ ಒಂದು ಕ್ಲಬ್ಬಿಗೆ ಬೆಂಕಿ ಬಿದ್ದು 25 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಕುಣಿಯಲು ಬಂದವರಲ್ಲ. ಹೊಟ್ಟೆಪಾಡಿಗಾಗಿ ದೂರದ ಊರುಗಳಿಂದ ಬಂದು ಅಲ್ಲಿ ದುಡಿಯುತ್ತಿದ್ದ ಕೆಲಸಗಾರರು. ಇದನ್ನು ಅವರಿಗೆ ಸಿಕ್ಕ ಶಿಕ್ಷೆಯೆಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಸಾವು ನನ್ನನ್ನು ಯಾವ ಸ್ಥಿತಿಯಲ್ಲಿ ಕಂಡೀತು ಎಂದು ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಲೇಬೇಕು. ತಾನು ಯಾವ ಮಣ್ಣಿನಲ್ಲಿ ಸಾಯುವೆನೆಂಬುದು ಯಾರಿಗೂ ತಿಳಿಯದು.

ಇಲ್ಲಿಯವರೆಗೆ ಓದಿ, 'ಇದು ನಮ್ಮ ಹುಡುಗರಿಗೆ ಸರಿಯಾದ ಬುದ್ಧಿಮಾತು' ಎನ್ನುತ್ತಿರುವ ತಂದೆತಾಯಂದಿರೇ, ಸ್ವಲ್ಪ ನಿಲ್ಲಿ. ಗೋವಾಕ್ಕೆ ಹೋಗಬೇಡ ಎಂದು ಮಗನನ್ನು ಗದರಿಸುವ ನಾವೇ ಅವನ ಅಣ್ಣನ ಮದುವೆಯ ಮೆರವಣಿಗೆಗೆ ಡಿಜೆ ಗೊತ್ತುಪಡಿಸುವುದಿಲ್ಲವೇ? ಲಾರಿಯ ಮೇಲೆ ಪೆಟ್ಟಿಗೆಗಳ ಗೋಡೆಯನ್ನೇ ಕಟ್ಟಿಸಿ, ಓಣಿಯ ಕಿಟಕಿಗಳನ್ನು ಅದುರಿಸಿ, ಸಾಲದ ಹಣ ಸುರಿಯುವುದಿಲ್ಲವೇ? ದುಂದುಗಾರರು ಶೈತಾನನ ಸಹೋದರರೆಂಬ ಎಚ್ಚರಿಕೆ ಮಕ್ಕಳಿಗೆ ಮಾತ್ರ ಬಂದುದಲ್ಲ. ಮನೆಯ ಬಾಗಿಲಲ್ಲಿ ಕಲಿತ ಕುಣಿತವನ್ನೇ ಮಗನು ಘಾಟಿಯಾಚೆ ಮುಂದುವರಿಸುತ್ತಾನೆ.

ಆ ಓಣಿಯಲ್ಲಿ ಹೃದ್ರೋಗಿ ಇದ್ದಾರು. ಹಸುಗೂಸು ಇದ್ದೀತು. ಬೆಳಗ್ಗೆ ಪರೀಕ್ಷೆ ಬರೆಯಬೇಕಾದ ನೆರೆಮನೆಯ ಹುಡುಗಿ ಇದ್ದಾಳು. ಅವರು ಮುಸ್ಲಿಮರಾಗಲಿ, ಹಿಂದೂಗಳಾಗಲಿ, ನೆರೆಯವರ ಹಕ್ಕು ಒಂದೇ. ಯಾರ ಕೆಡುಕಿನಿಂದ ಅವನ ನೆರೆಯವನು ಸುರಕ್ಷಿತನಲ್ಲವೋ ಅವನು ಸತ್ಯವಿಶ್ವಾಸಿಯಲ್ಲ ಎಂದು ಪ್ರವಾದಿ ಮುಹಮ್ಮದ್(ಸ) ಆಣೆಯಿಟ್ಟು ಹೇಳಿದ್ದಾರೆ. ಧ್ವನಿಯನ್ನು ತಗ್ಗಿಸಬೇಕೆಂಬುದು ಲುಕ್ಮಾನರು ಮಗನಿಗೆ ಮಾಡಿದ ಉಪದೇಶಗಳಲ್ಲೊಂದು. ದೇಶದ ಕಾನೂನೂ ಇದನ್ನೇ ಬಯಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಅತಿಯಾದ ಸದ್ದಿನ ಮನರಂಜನೆಯಿಂದ 100 ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಕಿವಿಯೂ ಅಲ್ಲಾಹನ ಅನುಗ್ರಹವೇ. ಅದರ ಬಗೆಗೂ ವಿಚಾರಣೆಯಿದೆ.

ನೆರೆಯವರಿಗಾಗಿ ಸಂಭ್ರಮವನ್ನು ತಡೆಹಿಡಿಯುವುದು ನಮಗೆ ಅಸಾಧ್ಯವೇನಲ್ಲ. 2023ರಲ್ಲಿ ಈದ್ ಮೀಲಾದ್ ಮತ್ತು ಗಣೇಶ ವಿಸರ್ಜನೆ ಒಂದೇ ದಿನ ಬಂದಾಗ ಬೆಳಗಾವಿಯ ಮುಸ್ಲಿಮ್ ಹಿರಿಯರು ತಮ್ಮ ಮೆರವಣಿಗೆಯನ್ನೇ ಮುಂದೂಡಿದರು. ಆ ವಿವೇಕ ನಮ್ಮ ಮದುವೆಗಳಿಗೂ ಬರಬಾರದೇ?

ಹಾಗಾದರೆ ಇಸ್ಲಾಮ್ ಸಂತೋಷವನ್ನು ಹಿಸುಕುವ ಧರ್ಮವೇ? ಖಂಡಿತ ಅಲ್ಲ. ಅನ್ಸಾರಿಯೊಬ್ಬರ ಮದುವೆಯಲ್ಲಿ ವಿನೋದವೇನೂ ಇರಲಿಲ್ಲವೇ, ಅನ್ಸಾರರು ಅದನ್ನು ಮೆಚ್ಚುವವರಲ್ಲವೇ ಎಂದು ಪ್ರವಾದಿ(ಸ) ಹಝ್ರತ್ ಆಯಿಶಾ(ರ)ರನ್ನು ವಿಚಾರಿಸಿದ್ದರು. ಈದ್‌ನ ದಿನ ಮಸೀದಿಯಲ್ಲೇ ಅಬಿಸೀನಿಯದವರು ಈಟಿಯಾಟವಾಡಿದಾಗ ಅವರನ್ನು ತಡೆಯಲಿಲ್ಲ. ಲಜ್ಜೆಯಿರುವ, ನಶೆಯಿಲ್ಲದ, ಯಾರಿಗೂ ನೋವಾಗದ ಸಂತೋಷಕ್ಕೆ ಅಲ್ಲಿ ಬಾಗಿಲು ತೆರೆದಿತ್ತು.

ಒಬ್ಬ ತರುಣನು ಬಂದು ವ್ಯಭಿಚಾರಕ್ಕೇ ಅನುಮತಿ ಕೇಳಿದಾಗ ಸುತ್ತಲಿದ್ದವರು ಗದರಿದರು. ಪ್ರವಾದಿವರ್ಯರು(ಸ) ಅವನನ್ನು ಹತ್ತಿರ ಕುಳ್ಳಿರಿಸಿ, ಇದನ್ನು ನಿನ್ನ ತಾಯಿಗೆ, ಮಗಳಿಗೆ, ಸಹೋದರಿಗೆ ಬಯಸುವೆಯಾ ಎಂದು ಒಂದೊಂದಾಗಿ ಕೇಳಿದರು. ಅವನ ಮೇಲೆ ಕೈಯಿಟ್ಟು ದುಆ ಮಾಡಿದರು. ಅವನು ಆ ಚಿಂತೆಯನ್ನೇ ಬಿಟ್ಟ. ಮುಂಜಾವದಲ್ಲಿ ಕೆಂಪು ಕಣ್ಣುಗಳೊಂದಿಗೆ ಮನೆಗೆ ಮರಳುವ ಮಗನಿಗೆ ನಾವು ಕೊಡುವುದೇನು, ಬೈಗುಳವೇ, ಈ ಹತ್ತಿರದ ಜಾಗವೇ?

ಬರುವ ಶನಿವಾರ ಇಶಾ ನಮಾಝಿನ ಬಳಿಕ ಮಕ್ಕಳೊಂದಿಗೆ ಕುಳಿತು ಊಟ ಮಾಡಿರಿ. ಅವರ ಮಾತನ್ನು ಮಧ್ಯೆ ತಡೆಯದೆ ಕೇಳಿರಿ. ಮನೆಯ ಮುಂದಿನ ಮದುವೆಗೆ ಡಿಜೆ ಬೇಡವೆಂದು ಈಗಲೇ ತೀರ್ಮಾನಿಸಿರಿ. ಆ ಹಣದಿಂದ ಬಡ ಹೆಣ್ಣುಮಗಳೊಬ್ಬಳ ನಿಕಾಹ್‌ಗೆ ನೆರವಾದೀತು. ಯುವ ಸಹೋದರರೇ, ಯೌವನವನ್ನು ಯಾವುದರಲ್ಲಿ ಕಳೆದೆ ಎಂಬ ಪ್ರಶ್ನೆಗೆ ಉತ್ತರಿಸದೆ ಪುನರುತ್ಥಾನ ದಿನ ಹೆಜ್ಜೆ ಕದಲದು. ತೌಬಾದ ಬಾಗಿಲು ಇನ್ನೂ ತೆರೆದಿದೆ.

ಅಲ್ಲಾಹನು ನಮ್ಮ ರಾತ್ರಿಗಳನ್ನು ಶಾಂತವಾಗಿಯೂ, ನಮ್ಮ ಮನೆಗಳನ್ನು ಮಕ್ಕಳು ಮರಳಿ ಬರಲು ಬಯಸುವ ತಾಣವಾಗಿಯೂ ಮಾಡಲಿ. ಆಮೀನ್.