ಮರಳಲೆಂದೇ ಕಟ್ಟಿದ ಮಂದಿರ

ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ 76 ಕಂಬಗಳ ನಡುವೆ ನಿಂತವರಿಗೆ, ಇದನ್ನು ಯಾಕೆ ಕಾಪಾಡಬೇಕು ಎಂಬ ಪ್ರಶ್ನೆ ಏಳುವುದೇ ಇಲ್ಲ. ಹನ್ನೊಂದನೆಯ ಶತಮಾನದ ಕಲ್ಲು ತನ್ನ ವಯಸ್ಸನ್ನು ತಾನೇ ಸಾರುತ್ತದೆ. ಪುರಾತತ್ವ ಇಲಾಖೆಯ ಫಲಕ ಅದಕ್ಕೆ ತಲೆಯಾಡಿಸುತ್ತದೆ, ಅಷ್ಟೆ. ಕುಂದಗೋಳದ ಶಂಭುಲಿಂಗ ಗುಡಿಯ ಮಾತೂ ಅದೇ. ಹಳೆಯದನ್ನು ಗೌರವಿಸುವುದು ನಮಗೆ ಸುಲಭ, ಯಾಕೆಂದರೆ ಹಳೆಯದರ ಜೊತೆಗಿನ ನಮ್ಮ ವ್ಯಾಜ್ಯಗಳೆಲ್ಲ ಎಂದೋ ಮುಗಿದಿರುತ್ತವೆ. ಚಾಲುಕ್ಯರು ಹಾಕಿದ ಸುಂಕದ ಬಗ್ಗೆ ಇಂದು ಯಾರ ತಕರಾರೂ ಇಲ್ಲ. ಆದರೆ ನಮ್ಮ ಕಣ್ಣೆದುರೇ ಎದ್ದ ಕಟ್ಟಡ? ಸಿಮೆಂಟು, ಕಬ್ಬಿಣ, ಬಣ್ಣದ ಡಬ್ಬಿಗಳಿಂದಲೇ ಆದ ಒಂದು ಪ್ರಾರ್ಥನಾ ಮಂದಿರ? ಅದನ್ನು ಇತಿಹಾಸವೆಂದು ಕರೆಯಲು ನಾವು ಯಾರ ಅಪ್ಪಣೆಗಾಗಿ ಕಾಯುತ್ತೇವೆ?

ಹೀಗೆ ಯೋಚಿಸುವಾಗಲೆಲ್ಲ ನನ್ನ ಮನಸ್ಸು ಕಲಘಟಗಿ ಸೀಮೆಯನ್ನು ದಾಟಿ ಮುಂಡಗೋಡದ ಕಡೆ ಹೋಗುತ್ತದೆ. ಜಿಲ್ಲೆ ಉತ್ತರ ಕನ್ನಡವಾದರೂ ಆ ಊರಿನ ಬಸ್ಸುಗಳ ಮುಖ ಹುಬ್ಬಳ್ಳಿಗೇ. ಅಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರ ನೆಲೆಯಿದೆ. ಸುತ್ತಲಿನ ಜನಕ್ಕೆ ಅದು ಟಿಬೆಟಿಯನ್ ಕಾಲೋನಿ. ಮಠಗಳಿರುವ ಭಾಗ ಲಾಮಾ ಕ್ಯಾಂಪ್. ಗೋವಿನಜೋಳದ ಹೊಲಗಳ ಸಾಲು ಮುಗಿಯುತ್ತಿದ್ದಂತೆ ಹೊಂಬಣ್ಣದ ಚಾವಣಿಯೊಂದು ಮೇಲೇಳುತ್ತದೆ. ಬಾಗಿಲಿನ ನೆತ್ತಿಯ ಮೇಲೆ ಧರ್ಮಚಕ್ರ, ಅದರ ಎರಡೂ ಬದಿ ಕತ್ತೆತ್ತಿ ಕುಳಿತ ಜಿಂಕೆಗಳು. ಸಾರನಾಥದ ಜಿಂಕೆವನದಲ್ಲಿ ಬುದ್ಧ ಹೇಳಿದ ಮೊದಲ ಉಪದೇಶದ ಗುರುತದು. ಆ ಗುರುತು ಹಿಮಾಲಯವನ್ನು ಹತ್ತಿ ಹೋಗಿ, ಲಾಸಾದಲ್ಲಿ ನೂರಾರು ವರ್ಷ ಬಾಳಿ, ಮತ್ತೆ ಇಳಿದು ನಮ್ಮ ಜೋಳದ ಹೊಲದ ಬದುವಿಗೆ ಬಂದು ಕುಳಿತಿದೆ. ಹುಬ್ಬಳ್ಳಿ ಬಸ್ಸಿನಲ್ಲಿ ಕೆಂಗಂದು ನಿಲುವಂಗಿಯ ಹುಡುಗನೊಬ್ಬ ಚಿಲ್ಲರೆ ಎಣಿಸುತ್ತ "ಮುಂಡಗೋಡ ಎರಡ ಕೊಡ್ರಿ" ಎಂದು ಕಂಡಕ್ಟರನಿಗೆ ಹೇಳುವುದನ್ನು ಕೇಳಿದವರಿಗೆ, ಈ ಪಯಣ ಎಷ್ಟು ಉದ್ದದ್ದೆಂದು ಥಟ್ಟನೆ ಹೊಳೆಯುವುದಿಲ್ಲ.

ಇಲ್ಲಿನ ಮಠಗಳ ಮೂಲ ಟಿಬೆಟ್ಟಿನಲ್ಲಿದೆ. ಗಾಂಡೇನ್ ಮಠವನ್ನು ಬೌದ್ಧ ಗುರು ತ್ಸೋಂಗ್‌ಖಾಪ ಸ್ಥಾಪಿಸಿದ್ದು 1409ರಲ್ಲಿ. ಡ್ರೆಪುಂಗ್ ಹುಟ್ಟಿದ್ದು 1416ರಲ್ಲಿ. ವಿಜಯನಗರದಲ್ಲಿ ಆಗ ದೇವರಾಯನ ಕಾಲ. 1959ರಲ್ಲಿ ದಲೈ ಲಾಮಾ ಗಡಿ ದಾಟಿದ ಮೇಲೆ ಈ ಮಠಗಳ ಭಿಕ್ಷುಗಳಲ್ಲಿ ಪಾರಾಗಿ ಬಂದವರಿಗೆ ಬಂಗಾಳದ ಬಕ್ಸಾದಲ್ಲಿ ಜಾಗ ಸಿಕ್ಕಿತು. ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜಾಗ ಅದು. ಅಲ್ಲಿನ ಸೆಕೆಗೂ ಕ್ಷಯಕ್ಕೂ ಎಷ್ಟೋ ಭಿಕ್ಷುಗಳು ಬಲಿಯಾದರು. ಉಳಿದವರು ಬಂದೀಖಾನೆಯ ಗೋಡೆಗಳ ನಡುವೆಯೇ ಪಾಠ ಬಿಡಲಿಲ್ಲ, ತರ್ಕ ಬಿಡಲಿಲ್ಲ. ಸುಮಾರು ಹತ್ತು ವರ್ಷಗಳ ಅನಂತರ ಗಾಂಡೇನ್ ಮತ್ತು ಡ್ರೆಪುಂಗ್ ಮುಂಡಗೋಡಕ್ಕೆ ಬಂದವು, ಅವುಗಳ ಜೊತೆಯದೇ ಆದ ಸೆರಾ ಮಠ ಬೈಲಕುಪ್ಪೆಗೆ ಹೋಯಿತು. ಗ್ರಂಥ ಹಿಡಿದ ಕೈಗಳು ಇಲ್ಲಿ ಗುದ್ದಲಿ ಹಿಡಿದು ಕಾಡು ಸವರಿದವು, ಬಿತ್ತನೆ ಮಾಡಿದವು. ಮೊದಲು ಡೇರೆ, ಆಮೇಲೆ ಸಣ್ಣ ಕಟ್ಟಡಗಳು, ಬಹಳ ಕಾಲದ ಮೇಲೆ ಇಂದಿನ ಭವ್ಯ ಸಭಾಮಂದಿರಗಳು.

ಈ ಮಠಗಳನ್ನು ಸಂರಕ್ಷಿತ ಸ್ಮಾರಕವೆಂದು ಸಾರಬೇಕೆಂದು ಯಾರಾದರೂ ಅರ್ಜಿ ಹಾಕಿದರೆ ಏನಾದೀತು? ಕಾನೂನಿನ ಉತ್ತರ ಚುಟುಕಾಗಿದೆ. ಸ್ಮಾರಕವೆನಿಸಿಕೊಳ್ಳಲು ನೂರು ವರ್ಷವಾದರೂ ಆಗಿರಬೇಕು ಎನ್ನುತ್ತದೆ ಕೇಂದ್ರದ 1958ರ ಕಾಯ್ದೆ. ನಮ್ಮ ರಾಜ್ಯದ 1961ರ ಕಾಯ್ದೆಯ ಅಳತೆಯೂ ಅದೇ. ಅಂದರೆ ಮುಂಡಗೋಡದ ಅತ್ಯಂತ ಹಳೆಯ ಗೋಡೆಗೂ 2066ರವರೆಗೆ ಆ ಯೋಗ್ಯತೆಯಿಲ್ಲ. ಇತ್ತ 2014ರ ಟಿಬೆಟನ್ ಪುನರ್ವಸತಿ ನೀತಿ ಇಂಥ ನೆಲೆಗಳ ಭೂಮಿಗೆ ಸೂಚಿಸಿದ ಗುತ್ತಿಗೆಯ ಅವಧಿ ಇಪ್ಪತ್ತು ವರ್ಷ. ನೂರು ವರ್ಷ ನಿಂತರೆ ಗೌರವಿಸುತ್ತೇವೆ ಎನ್ನುತ್ತದೆ ಒಂದು ಕಡತ. ಇಪ್ಪತ್ತು ವರ್ಷಕ್ಕೆ ಮಾತ್ರ ಜಾಗ ಕೊಡುತ್ತೇವೆ ಎನ್ನುತ್ತದೆ ಇನ್ನೊಂದು. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವ ಅಧಿಕಾರಿ ಇದ್ದಾರೆಯೇ, ಗೊತ್ತಿಲ್ಲ!

ಆದರೆ ಕಾನೂನಿನ ತೊಡಕು ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಅಕ್ಷರ ತಿದ್ದಿದರೆ ಅದು ಸರಿಹೋದೀತು. ಕಾಡುವುದು ಬೇರೆಯೇ. ಎಲ್ಲರೂ ನಿಲ್ಲಲೆಂದು ಮಂದಿರ ಕಟ್ಟುತ್ತಾರೆ. ಈ ನಿರಾಶ್ರಿತರು ಕಟ್ಟಿದ್ದು ಒಂದು ದಿನ ಬಿಟ್ಟು ಹೋಗಲೆಂದು. ಮೂಲದ ಹೆಸರುಗಳನ್ನೇ ಇಲ್ಲಿಯೂ ಇಟ್ಟುಕೊಂಡದ್ದು, ಅಲ್ಲಿನ ವಿದ್ಯಾಶಾಖೆಗಳನ್ನು ಇಲ್ಲಿಯೂ ಹಾಗೆಯೇ ಮುಂದುವರಿಸಿದ್ದು, ಎಲ್ಲವೂ ಮರಳುವ ಆಸೆಯನ್ನು ಜೀವಂತವಾಗಿಡುವ ಉಪಾಯಗಳಲ್ಲವೇ? ಅಂಥ ಕಟ್ಟಡಕ್ಕೆ ನಾವು ಫಲಕ ನೆಟ್ಟು, ಇದು ಶಾಶ್ವತ, ಇದು ಕರ್ನಾಟಕದ ಪರಂಪರೆ ಎಂದರೆ, ಅದು ಆದರವೋ, ಇಲ್ಲ ನೀವಿನ್ನು ಹೋಗುವ ಹಾಗಿಲ್ಲ ಎಂಬ ತೀರ್ಪೋ?

ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ಉಳಿಯುತ್ತದೆಯೇ ಎಂಬ ಪ್ರಶ್ನೆಗೂ ಗಾಂಡೇನ್ ಮಠದ ಕಥೆಯಲ್ಲೇ ಉತ್ತರವಿದೆ. ಲಾಸಾದ ಬಳಿಯ ಮೂಲ ಗಾಂಡೇನನ್ನು ಚೀನಾ ಸರಕಾರ 1961ರಲ್ಲಿ ತನ್ನ ರಾಷ್ಟ್ರೀಯ ಸಂರಕ್ಷಿತ ತಾಣಗಳ ಮೊಟ್ಟಮೊದಲ ಪಟ್ಟಿಯಲ್ಲೇ ಸೇರಿಸಿತ್ತು. ಐದು ವರ್ಷಕ್ಕೆ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಆ ಉರಿಯಲ್ಲಿ ಅದೇ ಗಾಂಡೇನ್ ಪಾಳುಗೋಡೆಗಳ ರಾಶಿಯಾಯಿತು. ಎಷ್ಟೋ ಕಾಲದ ಮೇಲೆ ಒಂದಷ್ಟನ್ನು ಮತ್ತೆ ಕಟ್ಟಿದರು, ಅದು ಬೇರೆ ಮಾತು. ಕ್ರಾಂತಿ ಶುರುವಾದ 1966ರಲ್ಲೇ ಇತ್ತ ಮುಂಡಗೋಡದ ಕಾಡಿನಲ್ಲಿ ಮೊದಲ ಡೇರೆಗಳು ಎದ್ದಿದ್ದವು. ಮೊಹರು ಬಿದ್ದದ್ದು ಉರುಳಿತು. ಮೊಹರಿಲ್ಲದ ಕಡೆ ಅದರ ಪಾಠ, ಅದರ ಪೂಜೆ, ಅದರ ಹೆಸರು ಉಳಿದವು. ಹಾಗಾದರೆ ಗಾಂಡೇನನ್ನು ಕಾಪಾಡಿದವರು ಯಾರು?

ಸಮುದ್ರದಾಚೆಯ ಒಂದು ಪ್ರಕರಣವನ್ನೂ ಇಲ್ಲಿ ನೆನೆಯಬಹುದು. ವಾಷಿಂಗ್ಟನ್ ನಗರದಲ್ಲಿ ಕ್ರಿಶ್ಚಿಯನ್ ಸೈನ್ಸ್ ಪಂಥದ ಚರ್ಚೊಂದು 1971ರಲ್ಲಿ ಕಟ್ಟಿ ಮುಗಿಯಿತು. ಬೋಳು ಕಾಂಕ್ರೀಟಿನ ಎಂಟು ಮೂಲೆಯ ಕಟ್ಟಡ, ಬೀದಿಯ ಕಡೆಗೆ ಕಿಟಕಿಯೇ ಇಲ್ಲವೆನ್ನುವಷ್ಟು ಮುಚ್ಚಿದ ಗೋಡೆ. ಆಧುನಿಕ ವಾಸ್ತುಶಿಲ್ಪದ ಅಪರೂಪದ ಮಾದರಿ ಎಂದು ನಗರದ ಪರಂಪರೆ ಮಂಡಳಿ 2007ರಲ್ಲಿ ಅದಕ್ಕೆ ರಕ್ಷಣೆ ಘೋಷಿಸಿತು. ಒಳಗೆ ಕೂತು ಪ್ರಾರ್ಥಿಸುವವರಿಗೆ ಅದು ಬೇಡವಾಗಿತ್ತು. ಕತ್ತಲೆ, ದುರಸ್ತಿಯ ಖರ್ಚು ಅವರ ಪಾಲಿನವು, ಹೊಗಳಿಕೆ ಮಾತ್ರ ಹೊರಗಿನವರ ಪಾಲಿನದು. ಅವರು ನ್ಯಾಯಾಲಯಕ್ಕೆ ಹೋದರು, ಕೆಡವಲು ಅನುಮತಿ ಸಿಕ್ಕಿತು, 2014ರಲ್ಲಿ ಕಟ್ಟಡ ನೆಲಕ್ಕೊರಗಿತು. ಭಕ್ತರ ಮನಸ್ಸನ್ನು ಕೇಳದೆ ಕೊಟ್ಟ ರಕ್ಷಣೆ ಎಷ್ಟು ದಿನ ಬಾಳೀತು?

ಹಾಗೆಂದು ಎಲ್ಲವನ್ನೂ ಭಕ್ತರಿಗೇ ಬಿಟ್ಟುಬಿಡೋಣವೇ? ಅದೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಹಳ್ಳಿಗಳಲ್ಲೇ ನೋಡಿ. ಜೀರ್ಣೋದ್ಧಾರವೆಂಬ ಪುಣ್ಯಕಾರ್ಯಕ್ಕೆ ದೇಣಿಗೆ ಕೂಡಿತೋ, ಮೊದಲು ಹೋಗುವುದು ಹಳೆಯ ಕಟ್ಟಿಗೆಯ ಕಂಬ, ಆಮೇಲೆ ಮಣ್ಣಿನ ಗೋಡೆಯ ಗೂಡು. ಬರುವುದು ಗ್ರಾನೈಟು, ಬಾತ್‌ರೂಮಿನ ಟೈಲ್ಸು, ಉಕ್ಕಿನ ಕಟಾಂಜನ. ಎಲ್ಲ ಊರಿನ ಗುಡಿಗಳೂ ಒಂದೇ ಅಂಗಡಿಯಲ್ಲಿ ಕೊಂಡ ಹಾಗೆ ಕಾಣತೊಡಗಿವೆ. ಶ್ರದ್ಧೆಗೆ ಕೊರತೆಯಿಲ್ಲ, ನೆನಪಿಗೆ ಮಾತ್ರ ಜಾಗವಿಲ್ಲ. ವಿಚಿತ್ರವಾದದ್ದು, ಬೇರೆ ಎಲ್ಲಿಯೂ ಇಲ್ಲದ್ದು, ಮೊದಲು ಅಳಿಯುವುದು ಹೀಗೆ, ಯಾರ ದ್ವೇಷದಿಂದಲೂ ಅಲ್ಲ, ಭಕ್ತಿಯ ಅತಿ ಉತ್ಸಾಹದಿಂದ.

ಇನ್ನೂ ಒಂದು ಆಕ್ಷೇಪವಿದೆ, ಅದು ಆಳವಾದದ್ದು. ಎಲ್ಲವೂ ಅನಿತ್ಯವೆಂದು ಬೋಧಿಸುವ ಧರ್ಮದ ಕಟ್ಟಡವನ್ನು ನಿತ್ಯವಾಗಿಸಲು ಹೊರಡುವುದು ಎಂಥ ವಿಪರ್ಯಾಸ! ಇದೇ ಪರಂಪರೆಯ ಭಿಕ್ಷುಗಳು ದಿನಗಟ್ಟಲೆ ಬಗ್ಗಿ ಕೂತು, ಕಿರಿದಾದ ಲೋಹದ ಕೊಳವೆಯನ್ನು ಉಜ್ಜಿ ಉಜ್ಜಿ ಬಣ್ಣದ ಮರಳನ್ನು ಉದುರಿಸಿ ಮಂಡಲ ಬರೆಯುತ್ತಾರೆ. ಮುಗಿದ ಮೇಲೆ ತಾವೇ ಅದನ್ನು ಗುಡಿಸಿ ಹರಿಯುವ ನೀರಿಗೆ ಬಿಡುತ್ತಾರೆ. ನಮ್ಮ ಶರಣರೂ ಕಲ್ಲಿನ ಗುಡಿಗಿಂತ ನಡೆದಾಡುವ ದೇಹವನ್ನೇ ದೇಗುಲವೆಂದು ನಂಬಿದವರು. ಆದರೂ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ತಾನಾಗಿ ಗುಡಿಸಿಬಿಡುವುದು ಬೇರೆ, ಇನ್ನೊಬ್ಬರು ಬಂದು ಒರೆಸಿಹಾಕುವುದು ಬೇರೆ. ಮೊದಲನೆಯದು ಸಾಧನೆ, ಎರಡನೆಯದು ನಷ್ಟ. ಈ ಭಿಕ್ಷುಗಳು ಎರಡನ್ನೂ ಬಲ್ಲವರು.

ನಷ್ಟದ ಪಾಠ ನಮ್ಮ ನೆಲಕ್ಕೂ ಹೊಸದಲ್ಲ. ಮೊನ್ನೆಮೊನ್ನೆಯವರೆಗೆ, ಅಂದರೆ 1997ರವರೆಗೆ, ಧಾರವಾಡ ಜಿಲ್ಲೆಗೇ ಸೇರಿದ್ದ ಡಂಬಳದಲ್ಲಿ 1095ರ ಒಂದು ಶಾಸನವಿದೆ. ಹದಿನಾರು ಮಂದಿ ಸೆಟ್ಟರು ಕಟ್ಟಿಸಿದ ಬೌದ್ಧ ವಿಹಾರದ, ತಾರಾದೇವಿಯ ಪೂಜೆಗೆ ಬಿಟ್ಟ ದತ್ತಿಯ ಮಾತು ಅದರಲ್ಲಿದೆ. ಇಂದು ಆ ವಿಹಾರದಲ್ಲಿ ದೀಪ ಹಚ್ಚುವವರಿಲ್ಲ. ಸುಮಾರು 870 ವರ್ಷಗಳ ಮೇಲೆ ಅದೇ ತಾರೆಯ ಸ್ತುತಿ ಹಿಮಾಲಯವನ್ನು ಸುತ್ತಿಕೊಂಡು ಇದೇ ಸೀಮೆಗೆ ಮತ್ತೆ ಬಂತು. ನಾವು ಕಳೆದುಕೊಂಡದ್ದನ್ನು ಪರರು ಹೊತ್ತು ತಂದರು ಎನ್ನೋಣವೇ? ಹಾಗೆಂದರೆ ಅವರನ್ನು ಪರರೆನ್ನುವುದು ಎಷ್ಟರ ಮಟ್ಟಿಗೆ ಸರಿ?

ಆದ್ದರಿಂದ ರಕ್ಷಣೆ ಬೇಕು ಎಂಬುದೇ ನನ್ನ ಮನಸ್ಸು. ಆದರೆ ಅದರ ರೀತಿ ಒಡೆತನದ್ದಾಗಬಾರದು. ನೆರೆಮನೆಯವರು ಊರಿಗೆ ಹೋಗುವಾಗ ನಂಬಿ ಇಟ್ಟುಹೋದ ಗಂಟನ್ನು ನಾವು ಹೇಗೆ ಕಾಯುತ್ತೇವೆ? ಬಿಚ್ಚುವುದಿಲ್ಲ, ನಮ್ಮದೆನ್ನುವುದಿಲ್ಲ, ಇಲಿ ಕಡಿಯಲೂ ಬಿಡುವುದಿಲ್ಲ. ಕೇಳಿದ ದಿನ ತೆಗೆದು ಕೊಡುತ್ತೇವೆ. ಸ್ಮಾರಕವೆಂಬ ಘೋಷಣೆ ಇಷ್ಟು ವಿನಯವನ್ನು ಕಲಿಯಬಾರದೇಕೆ? ಎರಡು ಅರ್ಥಗಳನ್ನು ಒಟ್ಟಿಗೆ ಹೊರುವುದು ಈ ಸೀಮೆಗೆ ಕಷ್ಟವೇನಲ್ಲ. ನವಲಗುಂದ ತಾಲೂಕಿನ ಯಮನೂರಿನಲ್ಲಿ ಬೆಣ್ಣಿಹಳ್ಳದ ದಂಡೆಯ ಒಂದೇ ಗದ್ದುಗೆಗೆ ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗಸವಾರನೆಂದೂ ನಡೆದುಕೊಳ್ಳುತ್ತಾರೆ. ಜಾತ್ರೆಯ ಜನಸಾಗರದಲ್ಲಿ ಯಾವ ಹೆಸರು ಖರೆ ಎಂದು ಯಾರೂ ಜಗಳ ತೆಗೆಯುವುದಿಲ್ಲ. ಇದು ನಮ್ಮದೂ ಹೌದು, ಮರಳಿ ಹೋಗುವವರದೂ ಹೌದು ಎಂದು ಒಂದೇ ಫಲಕದಲ್ಲಿ ಬರೆಯಲು ಇಂಥ ನೆಲಕ್ಕೆ ಅಂಜಿಕೆ ಯಾಕೆ?

ಇಲ್ಲೊಂದು ಮಾತನ್ನು ಖಂಡಿತವಾಗಿ ಹೇಳಬೇಕೆನಿಸುತ್ತದೆ, ಪ್ರವಾಸೋದ್ಯಮದವರಿಗೆ ಇದು ರುಚಿಸಲಿಕ್ಕಿಲ್ಲ. ಕಾಪಾಡಬೇಕಾದದ್ದು ಮೊದಲಿಗೆ ಆ ಹೊಂಬಣ್ಣದ ಚಾವಣಿಯ ಮಹಾಮಂದಿರವಲ್ಲ. ಅದಕ್ಕೆ ಸಾವಿರಾರು ಭಿಕ್ಷುಗಳ ಬಲವಿದೆ, ದೇಶವಿದೇಶದ ದಾನಿಗಳಿದ್ದಾರೆ, ಸೆಲ್ಫಿ ತೆಗೆಯುವವರ ದಂಡೇ ಇದೆ. ಕಾಪಾಡಬೇಕಾದದ್ದು ಆರಂಭದ ಬಡತನದ ಕುರುಹುಗಳನ್ನು: ಗುದ್ದಲಿಯ ಕಾಲದ ಒಂದು ಕೋಣೆ, ಎಲ್ಲರೂ ಒತ್ತೊತ್ತಾಗಿ ಕೂತು ಮಂತ್ರ ಹೇಳಿದ ಒಂದು ತಗ್ಗು ಚಾವಣಿ, ಒಂದು ಬಾವಿ. ಚಂದವಿಲ್ಲದ ಈ ವಸ್ತುಗಳಲ್ಲೇ ಇತಿಹಾಸವಿದೆ. ಭವ್ಯತೆ ಆಮೇಲೆ ಬಂದದ್ದು. ನಾವು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ. ವೈಭವಕ್ಕೆ ಬೇಲಿ ಹಾಕುತ್ತೇವೆ, ಕಷ್ಟಕ್ಕೆ ಜೆಸಿಬಿ ಹಚ್ಚುತ್ತೇವೆ.

ಕಾಲವೂ ತಾಳಿಕೊಳ್ಳುವುದಿಲ್ಲ. ಟಿಬೆಟ್ಟಿನಿಂದ ಗಡಿ ದಾಟಿ ಬರುವವರು 2008ರ ಬಳಿಕ ತೀರ ಕಡಿಮೆಯಾಗಿದ್ದಾರೆ. ಇಂದು ಮಠ ಸೇರುವ ಹುಡುಗರಲ್ಲಿ ಅನೇಕರು ಲಡಾಖ್, ಅರುಣಾಚಲ, ನೇಪಾಳಗಳ ಕಡೆಯವರು. ಕಾಲೋನಿಯ ತರುಣರು ಯುರೋಪು, ಅಮೆರಿಕಾ ಸೇರುತ್ತಿದ್ದಾರೆ. ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರಲು ಕೂಡುವ ಮಳಿಗೆಗಳಲ್ಲೂ ನರೆತ ತಲೆಗಳೇ ಹೆಚ್ಚು ಕಾಣುತ್ತವೆ. 1966ರಲ್ಲಿ ಇಪ್ಪತ್ತರ ಹರೆಯದಲ್ಲಿ ಕಾಡು ಕಡಿದವರಿಗೆ ಇಂದು ಎಂಬತ್ತು ಮೀರಿದೆ. ಮೊದಲ ಡೇರೆ ಎಲ್ಲಿತ್ತು, ಮೊದಲ ಬುದ್ಧಮೂರ್ತಿಯನ್ನು ಯಾವ ಮೂಲೆಯಲ್ಲಿ ಇಟ್ಟರು, ಯಾವ ಗೋಡೆಗೆ ಯಾರು ಕಲ್ಲು ಹೊತ್ತರು, ಸುತ್ತಲ ಹಳ್ಳಿಯವರಲ್ಲಿ ಯಾರು ಮೊದಲು ಬಂದು ಮಾತಾಡಿಸಿದರು, ಇವನ್ನು ಬೆರಳು ತೋರಿಸಿ ಹೇಳಬಲ್ಲವರು ಅವರೇ. ಕಾಯ್ದೆಯ ನೂರು ವರ್ಷ ತುಂಬುವಾಗ ಅವರಿರುವುದಿಲ್ಲ. ಅರ್ಜಿ, ಸಮಿತಿ, ಗೆಜೆಟ್ ಎಲ್ಲ ಆಮೇಲೆ ಆಗಲಿ. ಇತಿಹಾಸ ಓದುವ ನಾಲ್ಕು ಹುಡುಗರು, ಆ ಭಾಷೆ ಬಲ್ಲ ಒಬ್ಬರು, ಒಂದು ನೋಟುಬುಕ್ಕು ಸಾಕು. ಈ ಬೇಸಿಗೆ ರಜೆಯಲ್ಲೇ ಹೋಗಬಹುದು, ಹುಬ್ಬಳ್ಳಿಯಿಂದ ಬಸ್ಸುಗಳಿವೆ.